ಇಪ್ಪತ್ತನೆಯ ಆಳಿನ ಲೆಕ್ಕ

ಪ್ರಶ್ನೆ: ತಿಪಟೂರು ತಾಲ್ಲೂಕಿನಲ್ಲಿ 2018ರಿಂದ ತೆಂಗಿನಕಾಯಿ ಪುಡಿ ಮಾಡುವ ಸಣ್ಣ ಫ್ಯಾಕ್ಟರಿ ನಡೆಸುತ್ತಿದ್ದೇನೆ. ನನ್ನ ಹಾಜರಿ ಪುಸ್ತಕದಲ್ಲಿ 9 ಜನ ಇದ್ದಾರೆ. ಪ್ಯಾಕಿಂಗ್ ಕೆಲಸವನ್ನು ಹೆಂಡತಿ ಹೆಸರಿನ ಇನ್ನೊಂದು ಸಂಸ್ಥೆಯಲ್ಲಿ ತೋರಿಸಿದ್ದೇವೆ, ಅಲ್ಲಿ 7 ಜನ. ಚಿಪ್ಪು ಬಿಡಿಸಲು, ಸಿಪ್ಪೆ ಹೆರೆಯಲು ಮೇಸ್ತ್ರಿಯೊಬ್ಬ 6 ಜನರನ್ನು ಕರೆತರುತ್ತಾನೆ. ಕಾಯಿ ಲೆಕ್ಕದಲ್ಲಿ ಕೂಲಿ, ದುಡ್ಡು ಅವನ ಕೈಗೆ. ಆಳು 20 ಆದರೆ ಪಿಎಫ್ (ಭವಿಷ್ಯ ನಿಧಿ), ಬೋನಸ್ ಕಡ್ಡಾಯ, 20 ಮುಟ್ಟದ ಹಾಗೆ ನೋಡಿಕೊಳ್ಳಿ ಎಂದು ತಿಳಿದವರು ಹೇಳಿದ್ದಕ್ಕೆ ಹೀಗೆ ಮಾಡಿದೆವು. ಈಗ ಬೆಂಗಳೂರಿನ ದೊಡ್ಡ ಗಿರಾಕಿಯೊಬ್ಬರು ಪಿಎಫ್, ಇಎಸ್‌ಐ (ನೌಕರರ ರಾಜ್ಯ ವಿಮೆ) ಚಲನ್ ತೋರಿಸಿ ಅನ್ನುತ್ತಿದ್ದಾರೆ. ಹೊಸ ಕಾರ್ಮಿಕ ಕಾನೂನು ಬಂತು ಅನ್ನುತ್ತಾರೆ, ಹೆಣ್ಣಾಳುಗಳಿಗೆ ತಿಂಗಳಿಗೊಂದು ರಜೆ ಅನ್ನುತ್ತಾರೆ. ಸೀಸನ್‌ನಲ್ಲಿ ತಿಂಗಳಿಗೆ 20 ಟನ್ ಪುಡಿ ತೆಗೆಯುವ ನಮ್ಮಂಥವರು ಇದನ್ನೆಲ್ಲ ತಡೆದುಕೊಳ್ಳಲು ಆಗುತ್ತದೆಯೇ?

ಉತ್ತರ: ಸ್ವಾಮಿ, 20 ದಾಟಬೇಕೋ ಬೇಡವೋ ಅನ್ನುವುದು ನಿಮ್ಮ ಮುಂದಿರುವ ಪ್ರಶ್ನೆ ಎಂದುಕೊಂಡಿದ್ದೀರಿ. ನೀವು ಆಗಲೇ ದಾಟಿದ್ದೀರಿ. 9, 7, 6 ಕೂಡಿದರೆ 22. ಕಾನೂನು ಎಣಿಸುವುದು ಗೇಟಿನ ಒಳಗೆ ದುಡಿಯುವ ಜನರನ್ನು, ಎಷ್ಟು ಪುಸ್ತಕ ಇಟ್ಟಿದ್ದೀರಿ ಅನ್ನುವುದನ್ನಲ್ಲ.

ಮೇಸ್ತ್ರಿ ಕಡೆಯವರು ತಮ್ಮ ಆಳುಗಳಲ್ಲ ಅನ್ನುವ ನಂಬಿಕೆ ತುಮಕೂರು ಜಿಲ್ಲೆಯ ಮಾಲೀಕರಲ್ಲಿ ಎಷ್ಟು ಗಟ್ಟಿಯಾಗಿದೆ ಎಂದರೆ, ಅದನ್ನು ಬಿಡಿಸುವುದಕ್ಕೇ ನನ್ನ ಅರ್ಧ ದಿನ ಹೋಗುತ್ತದೆ. ಚಿಪ್ಪು ಬಿಡಿಸದೆ ನಿಮ್ಮಲ್ಲಿ ಪುಡಿ ಆಗುವುದಿಲ್ಲ. ಅದು ನಿಮ್ಮ ಫ್ಯಾಕ್ಟರಿಯ ನಿತ್ಯದ ಕೆಲಸ, ನಿಮ್ಮ ಜಾಗದಲ್ಲಿ, ನಿಮ್ಮ ಕಾಯಿಯ ಮೇಲೆ ನಡೆಯುವ ಕೆಲಸ. ಅದನ್ನು ಮಾಡುವವರು ಕಾಯಿ ಲೆಕ್ಕದ ಕೂಲಿಯವರಾದರೂ, ನಡುವೆ ಗುತ್ತಿಗೆದಾರ ಇದ್ದರೂ, ಪಿಎಫ್ ಮತ್ತು ಇಎಸ್‌ಐ ಲೆಕ್ಕಕ್ಕೆ ನಿಮ್ಮವರೇ. ಗುತ್ತಿಗೆದಾರ ಕಟ್ಟದಿದ್ದರೆ ಮೂಲ ಮಾಲೀಕರು ಕಟ್ಟಿ, ಆಮೇಲೆ ಅವನಿಂದ ವಸೂಲು ಮಾಡಿಕೊಳ್ಳಬೇಕು. ಗುತ್ತಿಗೆ ಕಾರ್ಮಿಕರಿಗೆ ಸಂಬಂಧಿಸಿದ ಅಧ್ಯಾಯ ಹೊಸ ಕಾರ್ಮಿಕ ಸಂಹಿತೆಯಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ಗುತ್ತಿಗೆ ಕಾರ್ಮಿಕರಿದ್ದರೆ ಮಾತ್ರ ಎಂಬುದು ನಿಜ. ಆದರೆ ಅದು ಲೈಸೆನ್ಸಿನ ಮಾತು, ಪಿಎಫ್ ಎಣಿಕೆಯ ಮಾತಲ್ಲ. ಈ ಎರಡನ್ನು ಬೆರೆಸಿ ಮಾಲೀಕರಿಗೆ ಧೈರ್ಯ ಹೇಳುವವರು ಬಹಳ ಮಂದಿ ಇದ್ದಾರೆ.

ಹೆಂಡತಿಯವರ ಹೆಸರಿನ ಸಂಸ್ಥೆಯದು ಇನ್ನೂ ಸುಲಭದ ಕಥೆ. ಅದೇ ಕಾಂಪೌಂಡು, ಅದೇ ಕರೆಂಟ್ ಮೀಟರ್, ನಿಮ್ಮ ಪುಡಿಯನ್ನು ಬಿಟ್ಟರೆ ಬೇರೆ ಯಾರ ಸರಕನ್ನೂ ಅದು ಪ್ಯಾಕ್ ಮಾಡುವುದಿಲ್ಲ, ಕೆಲಸ ಕಡಿಮೆ ಇದ್ದ ದಿನ ಅಲ್ಲಿನವರನ್ನು ಇಲ್ಲಿಗೆ ಕರೆಯುತ್ತೀರಿ. 1952ರ ಪಿಎಫ್ ಕಾಯ್ದೆಯಲ್ಲೇ ಒಂದು ಸಂಸ್ಥೆಯ ವಿಭಾಗಗಳನ್ನು, ಶಾಖೆಗಳನ್ನು ಒಟ್ಟಾಗಿ ಒಂದೇ ಎಂದು ಎಣಿಸಲು ಅವಕಾಶವಿತ್ತು. ಅಧಿಕಾರಿ ಬಂದರೆ ಜಿಎಸ್‌ಟಿ ನಂಬರ್ ಬೇರೆ ಎಂದು ತೋರಿಸುವುದರಿಂದ ಉಪಯೋಗವಿಲ್ಲ. ಆಡಳಿತ ಯಾರದು, ದುಡ್ಡು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಒಂದು ನಿಂತರೆ ಇನ್ನೊಂದು ನಿಲ್ಲುತ್ತದೆಯೇ ಎಂದು ಅವರು ನೋಡುತ್ತಾರೆ. ಉದ್ಯಮ್ ನೋಂದಣಿ ಇದೆ, ನಾವು ಸೂಕ್ಷ್ಮ ಉದ್ಯಮ ಎಂದು ಹೇಳಿದರೂ ಕಾರ್ಮಿಕ ಕಾನೂನಿನಲ್ಲಿ ವಿನಾಯಿತಿ ಸಿಗುವುದಿಲ್ಲ.

ಇನ್ನೊಂದು ವಿಷಯ ನೀವು ಕೇಳಿಯೇ ಇಲ್ಲ. 20ಕ್ಕಿಂತ ಮೊದಲು 10ರ ಗೆರೆ ಒಂದಿದೆ. ಹಾಜರಿ ಪುಸ್ತಕದಲ್ಲಿ ಸರಿಯಾಗಿ 9 ಜನ ಇರುವುದು ನೋಡಿದರೆ ಆ ಸಲಹೆ ಕೊಟ್ಟವರಿಗೆ ಇದು ಚೆನ್ನಾಗಿ ಗೊತ್ತಿತ್ತು. 10 ಜನ ಆದ ದಿನದಿಂದ ಇಎಸ್‌ಐ, ಗ್ರ್ಯಾಚುಟಿ (ಕೆಲಸ ಬಿಡುವಾಗ ಕೊಡುವ ಇಡಿಗಂಟು), ಹೆರಿಗೆ ಸೌಲಭ್ಯ, ಲೈಂಗಿಕ ಕಿರುಕುಳ ತಡೆಗೆ ಆಂತರಿಕ ಸಮಿತಿ, ಇವಿಷ್ಟೂ ಅನ್ವಯವಾಗುತ್ತವೆ. ಇವುಗಳಲ್ಲಿ ನಿಮ್ಮಂಥ ಕೆಲಸಕ್ಕೆ ಅತಿ ಮುಖ್ಯವಾದದ್ದು ಇಎಸ್‌ಐ. ಅದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ.

ತಿಂಗಳ ಕೂಲಿ 21,000 ರೂಪಾಯಿವರೆಗೆ ಇರುವವರೆಲ್ಲ ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. 2019ರ ಜುಲೈಯಿಂದ ಮಾಲೀಕರ ಪಾಲು ಶೇ 3.25, ಕಾರ್ಮಿಕರ ಪಾಲು ಶೇ 0.75. ಲೆಕ್ಕ ಸುಲಭವಾಗಲಿ ಎಂದು ಒಬ್ಬರಿಗೆ 15,000 ಕೂಲಿ ಎಂದಿಟ್ಟುಕೊಳ್ಳೋಣ. ನಿಮ್ಮ ಕೈಯಿಂದ ಹೋಗುವುದು 488 ರೂಪಾಯಿ, ಅವರಿಂದ 113. ಈಗ ಇದರ ಇನ್ನೊಂದು ಮಗ್ಗುಲು ನೋಡಿ. ಇಎಸ್‌ಐ ಇಲ್ಲದ ಫ್ಯಾಕ್ಟರಿಯಲ್ಲಿ 30 ವರ್ಷದ ಆಳೊಬ್ಬ ಕೆಲಸದಲ್ಲಿ ಪ್ರಾಣ ಕಳೆದುಕೊಂಡರೆ ಪರಿಹಾರ ಕೊಡಬೇಕಾದವರು ಮಾಲೀಕರು. ಕೂಲಿಯ ಅರ್ಧವನ್ನು ವಯಸ್ಸಿನ ಗುಣಕದಿಂದ ಗುಣಿಸಬೇಕು. 30ರ ವಯಸ್ಸಿಗೆ ಆ ಗುಣಕ 207.98. 7,500 ಗುಣಿಸು 207.98 ಎಂದರೆ 15,59,850 ರೂಪಾಯಿ. ಚಿಪ್ಪು ಬಿಡಿಸುವ ಕತ್ತಿ, ಗ್ರೈಂಡರ್, ಡ್ರೈಯರ್, ಒದ್ದೆ ನೆಲ ಇವುಗಳ ನಡುವೆ ದಿನವಿಡೀ 22 ಜನ ಓಡಾಡುವ ಜಾಗ ನಿಮ್ಮದು. ಇಎಸ್‌ಐ ಇದ್ದರೆ ಈ ಹೊಣೆ ಪೂರ್ತಿ ನಿಗಮದ್ದು. ಕೆಲಸದ ಜಾಗದಲ್ಲಿ ಪೆಟ್ಟಾದರೆ ಇಷ್ಟು ದಿನ ಕಟ್ಟಿರಬೇಕು ಎಂಬ ಷರತ್ತೂ ಇಲ್ಲ, ಸೇರಿದ ಮೊದಲ ದಿನದಿಂದಲೇ ರಕ್ಷಣೆ ಇದೆ. ಕೆಲಸಕ್ಕೆ ಬರಲಾಗದ ದಿನಗಳಿಗೆ ಕೂಲಿಯ ಶೇ 90ರಷ್ಟನ್ನು ಅವರೇ ಕೊಡುತ್ತಾರೆ. ಹೆಣ್ಣುಮಕ್ಕಳ 26 ವಾರದ ಹೆರಿಗೆ ರಜೆಯ ಸಂಬಳವೂ ಅಲ್ಲಿಂದಲೇ ಬರುತ್ತದೆ. ಇಎಸ್‌ಐ ಇಲ್ಲದಿದ್ದರೆ ಅದನ್ನೂ ನೀವೇ ಕೊಡಬೇಕು. ಬೆರಳು ತುಂಡಾದ ಮೇಲೆ ಅದೇ ಸಂಜೆ ಆನ್‌ಲೈನ್‌ನಲ್ಲಿ ಹೆಸರು ಸೇರಿಸುವ ಬುದ್ಧಿವಂತಿಕೆಯನ್ನು ಮಾತ್ರ ಮಾಡಬೇಡಿ. ನೋಂದಣಿಯ ಗಂಟೆ, ಆಸ್ಪತ್ರೆ ಚೀಟಿಯ ಗಂಟೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವವರು ಅಲ್ಲಿದ್ದಾರೆ.

ಇಎಸ್‌ಐ ಬಗ್ಗೆ ನಿಮ್ಮ ಆಳುಗಳು ಗೊಣಗಿದರೆ ಅದರಲ್ಲಿ ನ್ಯಾಯವಿದೆ. ದೊಡ್ಡ ಕಾಯಿಲೆ ಬಂದರೆ ತಿಪಟೂರಿನಿಂದ ಪೀಣ್ಯಕ್ಕೋ ರಾಜಾಜಿನಗರಕ್ಕೋ ಹೋಗಬೇಕು. ರೋಗಿ, ಜೊತೆಗೊಬ್ಬರು, ರೈಲು, ಒಂದು ದಿನದ ಕೂಲಿ. ಸಂಬಳದಲ್ಲಿ ಹಿಡಿದುಕೊಳ್ಳುವುದು ಎಲ್ಲರಿಗೂ ಸಮ, ಆಸ್ಪತ್ರೆಯ ದೂರ ಸಮವಲ್ಲ. ಹಾಗಿದ್ದರೂ ಮಾಲೀಕರಾಗಿ ನಿಮಗೆ 488 ರೂಪಾಯಿಗೆ ಇಷ್ಟು ದೊಡ್ಡ ಹೊಣೆ ಇಳಿಸುವ ವಿಮೆ ಬೇರೆಲ್ಲೂ ಸಿಗುವುದಿಲ್ಲ.

ಗ್ರ್ಯಾಚುಟಿಯನ್ನು ಬಹುತೇಕ ಸಣ್ಣ ಮಾಲೀಕರು ಮರೆತೇ ಬಿಟ್ಟಿರುತ್ತಾರೆ. ವರ್ಷಕ್ಕೆ 15 ದಿನದ ಕೂಲಿ, ಅಂದರೆ ಕೊನೆಯ ತಿಂಗಳ ಕೂಲಿಯನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದ್ದು. 15,000ಕ್ಕೆ ವರ್ಷಕ್ಕೆ ಸುಮಾರು 8,654. ನೀವು ಶುರು ಮಾಡಿದ 2018ರಿಂದ ಜೊತೆಗಿರುವವರು ಗ್ರ್ಯಾಚುಟಿಗೆ ಬೇಕಾದ 5 ವರ್ಷವನ್ನು ಎಂದೋ ಮುಗಿಸಿದ್ದಾರೆ. 7 ವರ್ಷ ದುಡಿದವರು ನಾಳೆ ಕೆಲಸ ಬಿಟ್ಟರೆ 60,000 ದಾಟುತ್ತದೆ. ಈಗಲೇ ಕಟ್ಟಬೇಕಾದ ದುಡ್ಡಲ್ಲ ಇದು, ಆದರೆ ನಿಮ್ಮ ಲೆಕ್ಕದ ಪುಸ್ತಕದಲ್ಲಿ ಕಾಣದೆ ಬೆಳೆಯುತ್ತಿರುವ ಸಾಲ.

ಇನ್ನು 20ರ ಗೆರೆ. ಇಲ್ಲಿ ನಾನು ಕಾನೂನಿನ ಪರವಾಗಿ ಪೂರ್ತಿ ವಾದಿಸಲಾರೆ. 15,000 ಕೂಲಿಗೆ ಪಿಎಫ್‌ನಲ್ಲಿ ಮಾಲೀಕರ ಪಾಲು ಶೇ 12, ಮೇಲೆ ಆಡಳಿತ ಶುಲ್ಕ ಮತ್ತು ವಿಮೆ ಸೇರಿ ಶೇ 13, ಅಂದರೆ 1,950 ರೂಪಾಯಿ. ಬೋನಸ್ ಕನಿಷ್ಠ ಶೇ 8.33, ಪೂರ್ತಿ ಕೂಲಿಯ ಮೇಲೆ ಹಿಡಿದರೆ ತಿಂಗಳಿಗೆ ಸುಮಾರು 1,250. ಹಳೆಯ ಕಾಯ್ದೆಯಲ್ಲಿ ವಿದ್ಯುತ್ ಬಳಸುವ 10 ಜನದ ಫ್ಯಾಕ್ಟರಿಗೂ ಬೋನಸ್ ಕಡ್ಡಾಯವಿತ್ತು, ವೇತನ ಸಂಹಿತೆಯಲ್ಲಿ ಅದು ಎಲ್ಲರಿಗೂ 20 ಆಗಿದೆ. ಈಗ 19 ಜನ ಇರುವ ಫ್ಯಾಕ್ಟರಿಗೆ ಒಬ್ಬರನ್ನು ಸೇರಿಸಿಕೊಂಡರೆ ಆ ಒಬ್ಬರಿಗಷ್ಟೇ ಅಲ್ಲ, 20 ಜನಕ್ಕೂ ಪಿಎಫ್ ಮತ್ತು ಬೋನಸ್ ಶುರು. 3,200 ಗುಣಿಸು 20, ತಿಂಗಳಿಗೆ 64,000. ಇಪ್ಪತ್ತನೆಯ ಆಳಿನ ಕೂಲಿ 15,000, ಆದರೆ ಮಾಲೀಕರಿಗೆ ಅವನು ಬೀಳುವುದು 79,000ಕ್ಕೆ. ಹತ್ತೊಂಬತ್ತರಲ್ಲೇ ನಿಂತುಕೊಂಡ ಫ್ಯಾಕ್ಟರಿಗಳು ನಮ್ಮ ಕಡೆ ಯಾಕಿಷ್ಟು ಎಂದು ಕೇಳುವ ಅಧಿಕಾರಿಗಳು ಈ ಗುಣಾಕಾರವನ್ನು ಒಮ್ಮೆ ಮಾಡಿ ನೋಡಬೇಕು. ಮೆಟ್ಟಿಲು ಮೆಟ್ಟಿಲಾಗಿ ಏರುವ ದರ ಇಟ್ಟಿದ್ದರೆ ಹೆಂಡತಿ ಹೆಸರಿನ ಫರ್ಮುಗಳು ಅರ್ಧ ಮುಚ್ಚುತ್ತಿದ್ದವು. ಇನ್ನು ಪಿಎಫ್ ವ್ಯಾಪ್ತಿಗೆ ಒಮ್ಮೆ ಸೇರಿದರೆ ಆಮೇಲೆ ಆಳುಗಳು 12ಕ್ಕೆ ಇಳಿದರೂ ಬಿಡುಗಡೆಯಿಲ್ಲ. ಕಾಯಿ ಸಿಗದ ತಿಂಗಳುಗಳಲ್ಲಿ ಅರ್ಧ ಜನರನ್ನು ಮನೆಗೆ ಕಳಿಸುವ ಉದ್ಯಮಕ್ಕೆ ಇದು ಚುಚ್ಚುತ್ತದೆ. ಸಮಾಧಾನ ಒಂದೇ, ಕೂಲಿ ಇಳಿದ ತಿಂಗಳು ಕಟ್ಟುವ ಮೊತ್ತವೂ ಇಳಿಯುತ್ತದೆ.

ಆದರೆ ನಿಮ್ಮ ಸ್ಥಿತಿ 19ರದ್ದಲ್ಲ, 22ರದ್ದು. ತಪ್ಪಿಸಿಕೊಂಡರೆ ಏನು ಉಳಿಯುತ್ತದೆ ಅನ್ನುವುದನ್ನು ಬಿಟ್ಟು ಸಿಕ್ಕಿಬಿದ್ದರೆ ಏನು ಹೋಗುತ್ತದೆ ನೋಡೋಣ. ಕಾರ್ಮಿಕರ ಪಾಲನ್ನು ಆಯಾ ತಿಂಗಳ ಕೂಲಿಯಲ್ಲೇ ಹಿಡಿಯಬೇಕು, ಹಿಂದಿನ ಬಾಕಿಯನ್ನು ಈಗ ಅವರ ಕೂಲಿಯಿಂದ ಮುರಿದುಕೊಳ್ಳುವ ಹಾಗಿಲ್ಲ. ಹಾಗಾಗಿ ಬಾಕಿ ಬಂದಾಗ ಶೇ 13 ಅಲ್ಲ, ಅವರ ಶೇ 12 ಸೇರಿ ಶೇ 25 ನಿಮ್ಮ ತಲೆಗೇ. 22 ಜನಕ್ಕೆ ತಿಂಗಳಿಗೆ 82,500. ಮೂರು ವರ್ಷಕ್ಕೆ 29,70,000. ಇದರ ಮೇಲೆ ವರ್ಷಕ್ಕೆ ಶೇ 12 ಬಡ್ಡಿ, ತಿಂಗಳಿಗೆ ಶೇ 1ರಂತೆ ದಂಡ. ಅದೇ ಮೂರು ವರ್ಷ ನೆಟ್ಟಗೆ ಕಟ್ಟಿದ್ದರೆ ನಿಮ್ಮ ಪಾಲು 15,44,400. ವಿಚಾರಣೆಗೆ ಹಿಂದೆ ಕಾಲಮಿತಿಯೇ ಇರಲಿಲ್ಲ, ಸಾಮಾಜಿಕ ಭದ್ರತಾ ಸಂಹಿತೆ 5 ವರ್ಷದ ಮಿತಿ ಹಾಕಿದೆ. ಅದು ದೊಡ್ಡ ಉಪಕಾರವೇ, ಆದರೆ 5 ವರ್ಷದ ಬಾಕಿಯೂ ಒಂದು ಸಣ್ಣ ಫ್ಯಾಕ್ಟರಿಯನ್ನು ಮುಚ್ಚಿಸಲು ಸಾಕು.

ನೀವು ಸರಿಯಾದ ಸಮಯಕ್ಕೆ ಕೇಳಿದ್ದೀರಿ. ಪಿಎಫ್ ಸಂಸ್ಥೆ 2025ರ ನವೆಂಬರ್ 1ರಿಂದ 2026ರ ಏಪ್ರಿಲ್ 30ರವರೆಗೆ ನೌಕರರ ಸೇರ್ಪಡೆಯ ವಿಶೇಷ ಯೋಜನೆಯೊಂದನ್ನು ಇಟ್ಟಿದೆ. 2017ರ ಜುಲೈ 1ರಿಂದ 2025ರ ಅಕ್ಟೋಬರ್ 31ರ ನಡುವೆ ಬಿಟ್ಟುಹೋದ, ಈಗಲೂ ನಿಮ್ಮಲ್ಲೇ ಕೆಲಸದಲ್ಲಿರುವ ಆಳುಗಳನ್ನು ಮಾಲೀಕರು ತಾವಾಗಿಯೇ ಘೋಷಿಸಬಹುದು. ಕಾರ್ಮಿಕರ ಪಾಲನ್ನು ಆಗ ಹಿಡಿದಿರದಿದ್ದರೆ ಅದು ಮನ್ನಾ. ನಿಮ್ಮ ಪಾಲು, ಆಡಳಿತ ಶುಲ್ಕ ಮತ್ತು ಬಡ್ಡಿ ಕಟ್ಟಬೇಕು, ದಂಡ ಮಾತ್ರ ಬರೀ 100 ರೂಪಾಯಿ. ಯಾರು ಯಾವ ತಿಂಗಳಿಂದ ಇದ್ದಾರೆ ಎಂಬ ಪಟ್ಟಿಯನ್ನು ಇಂದೇ ಮಾಡಿ. ಹಳೆಯ ಬಟವಾಡೆ ವೋಚರ್, ಮೇಸ್ತ್ರಿಯ ಚೀಟಿ, ಯುಪಿಐ ಪಾವತಿ, ಸಿಕ್ಕಿದ್ದೆಲ್ಲ ಹುಡುಕಿ ಇಟ್ಟುಕೊಳ್ಳಿ. ಏಪ್ರಿಲ್ ಕೊನೆಯ ವಾರದವರೆಗೆ ಕಾಯಬೇಡಿ, ಆಧಾರ್‌ನಲ್ಲಿ ಒಂದು ಹೆಸರು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು ಹೆಸರು ಇರುವ ನಾಲ್ಕು ಜನರಾದರೂ ನಿಮ್ಮಲ್ಲಿ ಇದ್ದೇ ಇರುತ್ತಾರೆ.

ಹೊಸ ಕಾನೂನಿನ ವಿಷಯಕ್ಕೆ ಬರುತ್ತೇನೆ. ಹಳೆಯ 29 ಕಾಯ್ದೆಗಳನ್ನು ನಾಲ್ಕು ಸಂಹಿತೆಗಳಾಗಿ ಮಾಡಿ 2025ರ ನವೆಂಬರ್ 21ರಂದು ಕೇಂದ್ರ ಜಾರಿಗೆ ತಂದಿತು. ಪಿಎಫ್, ಇಎಸ್‌ಐ ದರಗಳು ಇದರಿಂದ ಬದಲಾಗಲಿಲ್ಲ. ನಿಮಗೆ ತಟ್ಟುವುದು ಮೂರು ನಾಲ್ಕು ವಿಷಯ. ಒಂದು, ಕೂಲಿಯನ್ನು ಚಿಕ್ಕದಾಗಿ ತೋರಿಸಿ ಉಳಿದದ್ದನ್ನು ಭತ್ಯೆ ಎನ್ನುವ ಆಟಕ್ಕೆ ಕತ್ತರಿ ಬಿದ್ದಿದೆ. ಭತ್ಯೆಗಳು ಒಟ್ಟು ಮೊತ್ತದ ಅರ್ಧವನ್ನು ಮೀರಿದರೆ ಮೀರಿದ ಭಾಗ ಕೂಲಿಗೇ ಸೇರುತ್ತದೆ. ಎಲ್ಲರಿಗೂ ಒಂದೇ ಸಮ ಕೊಡುವ ಭತ್ಯೆ ಪಿಎಫ್ ಲೆಕ್ಕಕ್ಕೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿತ್ತು, ಆದ್ದರಿಂದ ಇದು ತೀರಾ ಹೊಸದೂ ಅಲ್ಲ. ಇನ್ನೊಂದು, ಪ್ರತಿಯೊಬ್ಬ ಆಳಿಗೂ ನೇಮಕಾತಿ ಪತ್ರ ಕೊಡಬೇಕು. ಒಂದು ಪುಟದ ಕನ್ನಡ ಕಾಗದ ಸಾಕು, ಹೆಸರು, ಕೆಲಸ, ಕೂಲಿ, ಸೇರಿದ ದಿನ. ಕೆಲಸ ಬಿಟ್ಟವರ ಲೆಕ್ಕವನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು. ಹೆಚ್ಚು ಹೊತ್ತಿನ ದುಡಿಮೆಗೆ ಕೂಲಿ ಎರಡರಷ್ಟು. ಕಾಯಿ ಲೆಕ್ಕದವರಿಗೂ ದಿನದ ಗಳಿಕೆ ಕನಿಷ್ಠ ಕೂಲಿಗಿಂತ ಕೆಳಗೆ ಇಳಿಯಬಾರದು. ನಮ್ಮ ರಾಜ್ಯದಲ್ಲಿ ತುಟ್ಟಿಭತ್ಯೆ ಸೇರಿ ಕನಿಷ್ಠ ಕೂಲಿ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ, ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಪಟ್ಟಿ ಕೇಳಿ ಗೋಡೆಗೆ ಅಂಟಿಸಿ. ವಿದ್ಯುತ್ ಬಳಸುವ ಜಾಗ ಕಾರ್ಖಾನೆ ಅನ್ನಿಸಿಕೊಳ್ಳುವುದು ಇನ್ನು 10ಕ್ಕಲ್ಲ, 20ಕ್ಕೆ. ನೀವು 22, ಹಾಗಾಗಿ ಆ ಸಡಿಲಿಕೆ ನಿಮಗಲ್ಲ. ಬಾಯ್ಲರ್ ಇಟ್ಟಿದ್ದರೆ ಅದರ ನೋಂದಣಿ, ತಪಾಸಣೆ ಆಳಿನ ಸಂಖ್ಯೆಯನ್ನು ಕೇಳುವುದೇ ಇಲ್ಲ.

ಹೆಣ್ಣುಮಕ್ಕಳ ರಜೆ ಬೇರೆ ವಿಷಯ, ಅದು ರಾಜ್ಯ ಸರ್ಕಾರದ್ದು. 18ರಿಂದ 52 ವರ್ಷದ ಮಹಿಳಾ ನೌಕರರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆ ಎಂದು 2025ರ ನವೆಂಬರ್‌ನಲ್ಲಿ ಆದೇಶವಾಗಿದೆ. ವೈದ್ಯರ ಚೀಟಿ ಕೇಳುವ ಹಾಗಿಲ್ಲ, ಮುಂದಿನ ತಿಂಗಳಿಗೆ ಉಳಿಸಿಕೊಳ್ಳುವ ಹಾಗೂ ಇಲ್ಲ. ಆದೇಶ ಹೈಕೋರ್ಟ್‌ನಲ್ಲಿ ಪ್ರಶ್ನೆಯಾಗಿದೆ. ಇದಕ್ಕೆ ಹೆದರಿ ಗಂಡಾಳುಗಳನ್ನೇ ಹುಡುಕುತ್ತೇವೆ ಎಂದು ಕೆಲವು ಮಾಲೀಕರು ಹೇಳುವುದನ್ನು ಕೇಳಿದ್ದೇನೆ. ಸಿಪ್ಪೆ ಹೆರೆಯಲು ಅಷ್ಟು ಗಂಡಾಳುಗಳು ಅದೇ ಕೂಲಿಗೆ ಎಲ್ಲಿ ಸಿಗುತ್ತಾರೆ ಎಂದು ಅವರು ಇನ್ನೂ ಹೇಳಿಲ್ಲ.

ಮೇಸ್ತ್ರಿ ಕರೆತರುವ ಕುಟುಂಬಗಳ ಜೊತೆ ಮಕ್ಕಳೂ ಬರುತ್ತಾರಲ್ಲ, ಅವರ ಕೈಗೆ ಕಾಯಿ ಕೊಡಬೇಡಿ. 14ರ ಒಳಗಿನವರನ್ನು ದುಡಿಸಿದರೆ ಜೈಲಿನವರೆಗೆ ಹೋಗುವ ಕೇಸು. ಇದರಲ್ಲಿ ಹೊಂದಾಣಿಕೆಗೆ ಜಾಗವಿಲ್ಲ.

ತಡೆದುಕೊಳ್ಳಲು ಆಗುತ್ತದೆಯೇ ಎಂದು ಕೇಳಿದಿರಿ. ಒಬ್ಬರಿಗೆ ಪಿಎಫ್ 1,950, ಇಎಸ್‌ಐ 488, ಬೋನಸ್ 1,250, ಗ್ರ್ಯಾಚುಟಿಗೆ ತೆಗೆದಿಡಬೇಕಾದದ್ದು 721. ಒಟ್ಟು 4,409. 22 ಜನಕ್ಕೆ ತಿಂಗಳಿಗೆ 97,000ದ ಹತ್ತಿರ. 3,30,000 ಬಟವಾಡೆಯ ಮೇಲೆ ಸುಮಾರು ಶೇ 29. ಕೇಳಿದ ತಕ್ಷಣ ಎದೆ ಒಡೆಯುತ್ತದೆ. ಅದನ್ನೇ 20 ಟನ್‌ಗೆ ಹಂಚಿದರೆ ಕೆಜಿಗೆ 4 ರೂಪಾಯಿ 85 ಪೈಸೆ. ತಿಪಟೂರು ಮಾರುಕಟ್ಟೆಯ ಕೊಬ್ಬರಿ ಧಾರಣೆ ಹರಾಜಿನಿಂದ ಹರಾಜಿಗೆ ಕುಣಿಯುವುದನ್ನು ನೋಡಿಕೊಂಡೇ ವ್ಯಾಪಾರ ಮಾಡಿದವರು ನೀವು, ಇದಕ್ಕಿಂತ ದೊಡ್ಡ ಏರಿಳಿತವನ್ನು ಕಾಯಿಯಲ್ಲೇ ನುಂಗಿದ್ದೀರಿ. ಆದರೆ ಕಾಯಿಯ ದರ ಏರಿದರೆ ಪಕ್ಕದ ಫ್ಯಾಕ್ಟರಿಗೂ ಏರುತ್ತದೆ, ಪಿಎಫ್ ಕಟ್ಟದ ಪಕ್ಕದವನಿಗೆ ಈ 4.85 ಇಲ್ಲ. ನಿಜವಾದ ನೋವು ಅಲ್ಲಿದೆ, ಅದಕ್ಕೆ ನನ್ನ ಹತ್ತಿರ ಔಷಧಿಯಿಲ್ಲ. ನಿಮ್ಮ ಬಲ ಒಂದೇ, ಚಲನ್ ಕೇಳುವ ಗಿರಾಕಿ ಪಕ್ಕದವನ ಹತ್ತಿರ ಹೋಗಲಾರ. ದರ ಮಾತಾಡುವಾಗ ಚಲನ್ ಪ್ರತಿಯನ್ನು ಕೊಡುವುದಕ್ಕೆ ಮೊದಲೇ ಈ ಲೆಕ್ಕವನ್ನು ಅವರ ಮುಂದಿಡಿ. ಕೇಳಿದ್ದು ಅವರು, ಅರ್ಧವನ್ನಾದರೂ ಅವರು ಹೊರಲಿ.

ಹೊಸ ಉದ್ಯೋಗಕ್ಕೆ ಕೇಂದ್ರದ ಪ್ರೋತ್ಸಾಹಧನವೂ ಇದೆ, ಪಿಎಂ ವಿಕಸಿತ್ ಭಾರತ್ ರೋಜ್‌ಗಾರ್ ಯೋಜನೆ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರ ನಡುವೆ ಸೇರಿಸಿಕೊಂಡ ಹೆಚ್ಚುವರಿ ಆಳಿಗೆ ಮಾಲೀಕರಿಗೆ ತಿಂಗಳಿಗೆ 3,000 ರೂಪಾಯಿವರೆಗೆ. 50ಕ್ಕಿಂತ ಕಡಿಮೆ ಜನ ಇರುವ ಸಂಸ್ಥೆ ಮೂಲ ಸಂಖ್ಯೆಯ ಮೇಲೆ ಕನಿಷ್ಠ ಇಬ್ಬರನ್ನು ಸೇರಿಸಿ ಆರು ತಿಂಗಳು ಉಳಿಸಿಕೊಳ್ಳಬೇಕು. ಬಂದರೆ ತೆಗೆದುಕೊಳ್ಳಿ. ಅದನ್ನು ನಂಬಿ ಜನರನ್ನು ಸೇರಿಸಿಕೊಳ್ಳಬೇಡಿ.

ಆಯುಧಪೂಜೆಗೆ ಬಟ್ಟೆ, ಸಿಹಿ, ಒಂದಿಷ್ಟು ದುಡ್ಡು ನೀವು ಈಗಲೂ ಕೊಡುತ್ತಿರಬಹುದು. ಆ ದುಡ್ಡಿಗೆ ಬೋನಸ್ ಮುಂಗಡ ಎಂದು ಬರೆದು ಸಹಿ ತೆಗೆದುಕೊಂಡರೆ ವರ್ಷದ ಬೋನಸ್ಸಿನಲ್ಲಿ ಕಳೆಯಬಹುದು. ಸಹಿ ಇಲ್ಲದಿದ್ದರೆ ಅದು ಹಬ್ಬದ ಇನಾಮು ಅಷ್ಟೇ.

ಕೊನೆಗೆ ಮೇಸ್ತ್ರಿ. ನಿಮಗೆ ಎಲ್ಲಕ್ಕಿಂತ ಕಷ್ಟವಾಗುವುದು ಅವನ ಜೊತೆಗಿನ ಮಾತು, ಅಧಿಕಾರಿಗಳ ಜೊತೆಗಿನದಲ್ಲ. ಆರೂ ಜನರ ಕೂಲಿ ನೇರವಾಗಿ ಅವರವರ ಬ್ಯಾಂಕ್ ಖಾತೆಗೆ ಹೋಗಬೇಕು. ಅವನ ಕೈಗೆ ಒಟ್ಟು ದುಡ್ಡು ಕೊಟ್ಟರೆ ಅವರಿಗೆ ಎಷ್ಟು ಸಿಕ್ಕಿತು ಎಂದು ನೀವು ಯಾರ ಮುಂದೆಯೂ ಸಾಬೀತು ಮಾಡಲಾರಿರಿ. ಕೋಲಾರದ ನರಸಾಪುರದಲ್ಲಿ 2020ರ ಡಿಸೆಂಬರ್‌ನಲ್ಲಿ ಐಫೋನ್ ಜೋಡಿಸುವ ಕಾರ್ಖಾನೆಗೆ ಕಾರ್ಮಿಕರು ನುಗ್ಗಿದರಲ್ಲ, ಅವರಲ್ಲಿ ಬಹುಪಾಲು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಕೈಗೆ ಬಂದ ಕೂಲಿ ಕಡಿಮೆ ಎಂಬುದೇ ಅವರ ದೂರು, ಹಾಳಾದದ್ದು ಕಾರ್ಖಾನೆಯ ಗಾಜು, ಅದರ ಹೆಸರು. ಮೇಸ್ತ್ರಿಯ ಕಮಿಷನ್ ನಿಲ್ಲಿಸಬೇಡಿ, ಜನ ತರುವವನು ಅವನೇ. ಅದನ್ನು ಬೇರೆ ಬಿಲ್ಲಿನ ಮೇಲೆ, ಬೇರೆ ಪಾವತಿಯಾಗಿ ಕೊಡಿ. ಒಪ್ಪಿದರೆ ಅವನನ್ನೂ ಮೇಲ್ವಿಚಾರಕ ಎಂದು ಹಾಜರಿ ಪುಸ್ತಕಕ್ಕೆ ಸೇರಿಸಿಕೊಳ್ಳಿ. ಹಿಡಿತ ತಪ್ಪುತ್ತದೆ ಎಂದು ಅವನು ಮೊದಲ ಎರಡು ವಾರ ಜನ ಕಡಿಮೆ ಮಾಡಿ ಕಾಡಬಹುದು, ಹಾಗಾಗಿ ಕಾಯಿ ಸುಗ್ಗಿಯ ನಡುವೆ ಈ ಮಾತು ತೆಗೆಯಬೇಡಿ. ಆಳುಗಳ ಜೊತೆಗೂ ನೀವೇ ಕೂತು ಮಾತಾಡಿ, ಅವನ ಬಾಯಿಂದ ಹೇಳಿಸಬೇಡಿ. 15,000ದಲ್ಲಿ ಪಿಎಫ್, ಇಎಸ್‌ಐ ಎರಡೂ ಸೇರಿ 1,913 ಹಿಡಿದರೆ ಕೈಗೆ 13,087 ಬರುತ್ತದೆ ಎಂದಾಗ ಪೂರ್ತಿ ಕೈಗೇ ಕೊಡಿ ಎಂದು ಜಗ್ಗುತ್ತಾರೆ. ಆಗ ಪಿಎಫ್ ಪಾಸ್‌ಬುಕ್ ಫೋನಿನಲ್ಲಿ ಹೇಗೆ ತೆರೆಯುತ್ತದೆ ಎಂದು ಒಬ್ಬೊಬ್ಬರಿಗೂ ತೋರಿಸಿ, ಅವರ ಕೂಲಿಯಿಂದ ಹಿಡಿದದ್ದಲ್ಲದೆ ನಿಮ್ಮ ಕಡೆಯಿಂದ ಬಿದ್ದ ದುಡ್ಡೂ ಅವರ ಹೆಸರಿನಲ್ಲೇ ಕಾಣುತ್ತದೆ. ಮೊದಲ ಚಲನ್ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು.